ಮಕ್ಕಳನ್ನು ಬಿಡದೆ ಕಟ್ಟಿದ ಶಾಲೆ

1812ರ ಜನವರಿಯಲ್ಲಿ ಬಾಲ್ಟಿಮೋರಿನ ಆರ್ಚ್‌ಬಿಷಪ್ ಜಾನ್ ಕ್ಯಾರಲ್ ಒಂದು ನಿಯಮಾವಳಿಗೆ ಒಪ್ಪಿಗೆ ಕೊಟ್ಟರು. ಮೇರಿಲ್ಯಾಂಡಿನ ಎಮಿಟ್ಸ್‌ಬರ್ಗ್ ಎಂಬ ಹಳ್ಳಿಯಲ್ಲಿ ಎರಡು ವರ್ಷದಿಂದ ಶಾಲೆ ನಡೆಸುತ್ತಿದ್ದ ಧರ್ಮಭಗಿನಿಯರ ಸಂಘಕ್ಕೆ ಅದು ಕಾನೂನು. ಬಡತನ, ಬ್ರಹ್ಮಚರ್ಯ, ವಿಧೇಯತೆಯ ವ್ರತಗಳು, ಪ್ರಾರ್ಥನೆಯ ವೇಳೆ, ಬಡವರ ಸೇವೆ ಎಲ್ಲವೂ ಅದರಲ್ಲಿದ್ದವು. ಜೊತೆಗೆ ಅಂಥ ನಿಯಮಾವಳಿಗಳಲ್ಲಿ ಸಾಮಾನ್ಯವಾಗಿ ಕಾಣದ ಒಂದು ವಿನಾಯಿತಿಯೂ ಇತ್ತು. ಸಂಘದ ಮುಖ್ಯಸ್ಥೆ ವಿಧವೆ, ಆಕೆಗೆ ಮಕ್ಕಳಿದ್ದಾರೆ, ಅವರ ಪೋಷಣೆಯ ಹಕ್ಕು ಮತ್ತು ಹೊಣೆ ಆಕೆಯ ಬಳಿಯೇ ಉಳಿಯುತ್ತದೆ ಎಂಬುದು ಆ ವಿನಾಯಿತಿ.

ಆ ಮುಖ್ಯಸ್ಥೆ ಎಲಿಜಬೆತ್ ಆ್ಯನ್ ಸೀಟನ್. ಆಗ ವಯಸ್ಸು ಮೂವತ್ತೇಳು, ಮಕ್ಕಳು ಐವರು. ಶಾಲೆಗೂ ಸಂಘಕ್ಕೂ ಆಕೆಯೇ ಆಧಾರ. ಆದರೆ ಮಕ್ಕಳ ಹೊಣೆಯನ್ನು ಬಿಡಬೇಕಾಗಿ ಬಂದರೆ ವ್ರತವನ್ನೇ ಬಿಡುವುದಾಗಿ ಆಕೆ ಮೊದಲಿನಿಂದಲೂ ಸ್ಪಷ್ಟಪಡಿಸಿದ್ದರು. ತಾಯಿಯಾಗಿ ದೇವರ ಮುಂದೆ ತನಗಿರುವ ಕರ್ತವ್ಯಕ್ಕೆ ಅಡ್ಡ ಬರುವ ಯಾವ ನಿಯಮವನ್ನೂ ಒಪ್ಪಲಾರೆ ಎಂಬುದು ಆಕೆಯ ಪತ್ರಗಳಲ್ಲಿ ಮತ್ತೆ ಮತ್ತೆ ಬರುವ ಮಾತು. ಕೊನೆಗೆ ನಿಯಮವೇ ಬಾಗಿತು.

ಮುಂದೆ 1975ರಲ್ಲಿ ಕಥೋಲಿಕ ಧರ್ಮಸಭೆ ಈಕೆಯನ್ನು ಸಂತಳೆಂದು ಘೋಷಿಸಿತು. ಅಮೆರಿಕದ ನೆಲದಲ್ಲಿ ಹುಟ್ಟಿದವರಲ್ಲಿ ಆ ಗೌರವ ಸಿಕ್ಕ ಮೊದಲಿಗರು ಎಲಿಜಬೆತ್. ಆಕೆಯ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಬದುಕನ್ನು ಎರಡು ಭಾಗ ಮಾಡುತ್ತಾರೆ: ಮೊದಲು ಸಂಸಾರ, ಆಮೇಲೆ ಸಂನ್ಯಾಸ. ಆಕೆಯ ಪತ್ರಗಳನ್ನೂ ದಿನಚರಿಯನ್ನೂ ನೋಡಿದರೆ ಆ ಗೆರೆ ಎಲ್ಲೂ ಕಾಣುವುದಿಲ್ಲ. ಮನೆ ನಡೆಸಿ ಕಲಿತದ್ದೆಲ್ಲವೂ ಶಾಲೆಗೆ ಬಂತು. ಶಾಲೆಯ ಸೂರಿನಡಿಯಲ್ಲೇ ಮನೆಯೂ ನಡೆಯಿತು.

ತಾಯಿಯಿಲ್ಲದ ಹುಡುಗಿ

ಎಲಿಜಬೆತ್ ಹುಟ್ಟಿದ್ದು 1774ರ ಆಗಸ್ಟ್ 28ರಂದು, ನ್ಯೂಯಾರ್ಕಿನ ಪ್ರತಿಷ್ಠಿತ ಕುಟುಂಬದಲ್ಲಿ. ಅಮೆರಿಕ ಆಗಿನ್ನೂ ಬ್ರಿಟಿಷರ ವಸಾಹತು. ತಂದೆ ಡಾ. ರಿಚರ್ಡ್ ಬೇಲಿ ಹೆಸರಾಂತ ವೈದ್ಯರು. ಮುಂದೆ ಕೊಲಂಬಿಯಾ ಕಾಲೇಜಿನಲ್ಲಿ ಅಂಗರಚನಾಶಾಸ್ತ್ರದ ಪ್ರಾಧ್ಯಾಪಕರಾದರು, ನ್ಯೂಯಾರ್ಕ್ ಬಂದರಿನ ಆರೋಗ್ಯಾಧಿಕಾರಿಯೂ ಆದರು. ತಾಯಿ ಕ್ಯಾಥರೀನ್ ಚಾರ್ಲ್‌ಟನ್ ಆಂಗ್ಲಿಕನ್ ಪಾದ್ರಿಯೊಬ್ಬರ ಮಗಳು.

ಮಗುವಿಗೆ ಮೂರು ವರ್ಷ ತುಂಬುವ ಹೊತ್ತಿಗೆ ತಾಯಿ ತೀರಿಕೊಂಡರು. ಮರುವರ್ಷ ಪುಟ್ಟ ತಂಗಿಯೂ ಹೋದಳು. ತಂದೆ ಮರುಮದುವೆಯಾದರು, ಮಲತಾಯಿಗೆ ಸಾಲುಸಾಲಾಗಿ ಮಕ್ಕಳಾದವು. ತಂದೆಗೋ ಇಂಗ್ಲೆಂಡಿನಲ್ಲಿ ಓದು, ಆಮೇಲೆ ರೋಗಿಗಳು. ಎಲಿಜಬೆತ್ ಮತ್ತು ಅಕ್ಕ ಮೇರಿ ನ್ಯೂ ರೊಷೆಲ್‌ನಲ್ಲಿದ್ದ ಚಿಕ್ಕಪ್ಪನ ಮನೆಯಲ್ಲಿ ವರ್ಷಗಟ್ಟಲೆ ಇರಬೇಕಾಯಿತು. ಹುಡುಗಿ ಫ್ರೆಂಚ್ ಕಲಿತಳು, ಪಿಯಾನೊ ಕಲಿತಳು, ಕುದುರೆ ಸವಾರಿಯನ್ನೂ ಕಲಿತಳು. ಓದುವುದು, ಓದಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುವುದು ಆಗಿನಿಂದಲೇ ಬಂದ ಅಭ್ಯಾಸ. ತಾಯಿಯ ಮಡಿಲು ಸಿಗದೆ ಬೆಳೆದ ಈ ಹುಡುಗಿ ಜೀವನವಿಡೀ ಯಾರಿಗಾದರೂ ತಾಯಿಯಾಗುತ್ತಲೇ ಹೋದಳು.

1794ರ ಜನವರಿಯಲ್ಲಿ, ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಹಡಗು ವ್ಯಾಪಾರದ ಮನೆತನದ ವಿಲಿಯಂ ಮಗೀ ಸೀಟನ್ ಜೊತೆ ಮದುವೆಯಾಯಿತು. ಮದುವೆ ಮಾಡಿಸಿದವರು ನ್ಯೂಯಾರ್ಕಿನ ಮೊದಲ ಎಪಿಸ್ಕೋಪಲ್ ಬಿಷಪ್ ಸ್ಯಾಮ್ಯುಯೆಲ್ ಪ್ರೊವೂಸ್ಟ್. ಎಂಟು ವರ್ಷಗಳಲ್ಲಿ ಐದು ಮಕ್ಕಳಾದವು: ಆ್ಯನಾ ಮರಿಯಾ, ವಿಲಿಯಂ, ರಿಚರ್ಡ್, ಕ್ಯಾಥರೀನ್, ರೆಬೆಕಾ.

ದೊಡ್ಡದಾದ ಸಂಸಾರ

ಆಕೆ ಮನೆಯ ಹಿರಿಯಳಾದದ್ದು ಇಪ್ಪತ್ಮೂರನೆಯ ವಯಸ್ಸಿಗೆ. 1798ರಲ್ಲಿ ಮಾವ ತೀರಿಕೊಂಡಾಗ ಗಂಡನ ಆರು ಮಂದಿ ತಮ್ಮ-ತಂಗಿಯರ ಜವಾಬ್ದಾರಿ ಈ ದಂಪತಿಯ ಮೇಲೆ ಬಿತ್ತು. ಎಲಿಜಬೆತ್ ಆಗ ಮೂರನೆಯ ಮಗುವಿಗೆ ತುಂಬು ಗರ್ಭಿಣಿ. ಒಬ್ಬೊಬ್ಬರಾಗಿ ಬಂದು ಸೇರಿದ ನಾದಿನಿ-ಮೈದುನರನ್ನು ಆಕೆ ನೋಡಿಕೊಂಡರು, ಚಿಕ್ಕ ನಾದಿನಿಯರಾದ ಹ್ಯಾರಿಯೆಟ್ ಮತ್ತು ಸಿಸಿಲಿಯಾಗೆ ಮನೆಯಲ್ಲೇ ಪಾಠ ಹೇಳಿಕೊಟ್ಟರು. ಆಕೆಯ ಮೊದಲ ತರಗತಿ ಅದು. ದೊಡ್ಡ ನಾದಿನಿ ರೆಬೆಕಾ ಆಪ್ತ ಗೆಳತಿಯಾದಳು. ಇಬ್ಬರೂ ಒಟ್ಟಿಗೆ ಪ್ರಾರ್ಥನೆಗೆ ಹೋಗುತ್ತಿದ್ದರು, ಒಟ್ಟಿಗೆ ರೋಗಿಗಳ ಮನೆಗೆ ಹೋಗುತ್ತಿದ್ದರು.

ಮನೆಯ ಆಚೆಗೂ ಕೆಲಸವಿತ್ತು. 1797ರಲ್ಲಿ ಇಸಾಬೆಲಾ ಗ್ರಹಾಂ ಎಂಬಾಕೆ ನ್ಯೂಯಾರ್ಕಿನಲ್ಲಿ ಚಿಕ್ಕ ಮಕ್ಕಳಿರುವ ಬಡ ವಿಧವೆಯರಿಗಾಗಿ ಒಂದು ಸಂಘ ಕಟ್ಟಿದಾಗ ಎಲಿಜಬೆತ್ ಅದರ ಖಜಾಂಚಿಯಾದರು. ಹೆಂಗಸರೇ ಕಟ್ಟಿ, ಹೆಂಗಸರೇ ಲೆಕ್ಕ ಇಟ್ಟು ನಡೆಸಿದ ಅಮೆರಿಕದ ಆರಂಭದ ಸೇವಾಸಂಸ್ಥೆಗಳಲ್ಲಿ ಅದೂ ಒಂದು. ಯಾರ ಮನೆಗೆ ಎಷ್ಟು ಸೌದೆ ಬೇಕು, ಯಾರಿಗೆ ಹೊಲಿಗೆ ಕೆಲಸ ಕೊಡಿಸಬಹುದು ಎಂದು ಮನೆಮನೆಗೆ ಹೋಗಿ ನೋಡಿ ತಿಳಿಯುವ ಕೆಲಸ. ಆರು ವರ್ಷ ಕಳೆಯುವುದರಲ್ಲಿ ಎಲಿಜಬೆತ್ ಕೂಡ ಚಿಕ್ಕ ಮಕ್ಕಳಿರುವ ವಿಧವೆಯಾದರು.

ಬ್ರಿಟನ್ ಮತ್ತು ಫ್ರಾನ್ಸಿನ ಯುದ್ಧದ ನಡುವೆ ಸೀಟನ್ ಕಂಪನಿಯ ಹಡಗುಗಳು ನಷ್ಟವಾದವು, ಲಂಡನ್ನಿನ ಪಾಲುದಾರರು ಕೈಚೆಲ್ಲಿದರು. ಗಂಡನ ವ್ಯಾಪಾರದ ಪತ್ರಗಳನ್ನು ಎಲಿಜಬೆತ್ ರಾತ್ರಿ ಕೂತು ಬರೆದುಕೊಡುತ್ತಿದ್ದರು. ಅದರಿಂದೆಲ್ಲ ಹಡಗು ತೇಲಲಿಲ್ಲ. 1800ರ ಕೊನೆಗೆ ಕಂಪನಿ ದಿವಾಳಿಯಾಯಿತು. ಮನೆಯಲ್ಲಿದ್ದ ಸಾಮಾನುಗಳ ಪಟ್ಟಿಯನ್ನು ಸಾಲಗಾರರಿಗೆ ಒಪ್ಪಿಸಬೇಕಾಯಿತು.

ಮರುವರ್ಷ ತಂದೆ ಹೋದರು. ಸ್ಟೇಟನ್ ದ್ವೀಪದ ಕ್ವಾರಂಟೈನ್ ಕೇಂದ್ರಕ್ಕೆ ಹಡಗುಹಡಗಾಗಿ ಬಂದಿಳಿಯುತ್ತಿದ್ದ ಐರಿಷ್ ವಲಸಿಗರನ್ನು ಡಾ. ಬೇಲಿ ನೋಡಿಕೊಳ್ಳುತ್ತಿದ್ದರು. 1801ರ ಆ ಬೇಸಿಗೆಯಲ್ಲಿ ಎಲಿಜಬೆತ್ ಮಕ್ಕಳೊಂದಿಗೆ ಅಲ್ಲಿಯೇ ಇದ್ದರು. ಹಾಲು ಬತ್ತಿದ ತಾಯಂದಿರ ಎದೆಯಲ್ಲಿ ಶಿಶುಗಳು ಸಾಯುವುದನ್ನು ಕಂಡರು. ತನ್ನ ಹಸುಳೆ ಕ್ಯಾಥರೀನಳಿಗೆ ಬೇರೆ ಏನಾದರೂ ಕುಡಿಸಿ, ಆ ಮಕ್ಕಳಿಗೆ ಹಾಲೂಡಿಸುತ್ತೇನೆಂದು ತಂದೆಯನ್ನು ಕೇಳಿಕೊಂಡರು. ನಿನ್ನ ಮಗುವಿನ ಪಾಲು ಅದು ಎಂದು ತಂದೆ ಒಪ್ಪಲಿಲ್ಲ. ಆಗಸ್ಟಿನಲ್ಲಿ ವಲಸಿಗರ ಜ್ವರ ವೈದ್ಯನಿಗೇ ಅಂಟಿತು. ಮಗಳು ಹಾಸಿಗೆಯ ಪಕ್ಕದಲ್ಲಿರುವಾಗಲೇ ತಂದೆ ಕಣ್ಮುಚ್ಚಿದರು.

ಲಿವೊರ್ನೊದ ದಿನಗಳು

ವಿಲಿಯಂಗೆ ಕ್ಷಯ. ಆಗಿನ ಕಾಲದಲ್ಲಿ ಅದಕ್ಕೆ ಮದ್ದಿರಲಿಲ್ಲ. ಬೆಚ್ಚನೆಯ ದೇಶಕ್ಕೆ ಸಮುದ್ರಯಾನ ಹೋಗಿ ಬನ್ನಿ ಎಂಬುದೇ ವೈದ್ಯರ ಕೊನೆಯ ಸಲಹೆ. 1803ರ ಅಕ್ಟೋಬರಿನಲ್ಲಿ ದಂಪತಿ ಎಂಟು ವರ್ಷದ ಹಿರಿಯ ಮಗಳು ಆ್ಯನಾಳೊಂದಿಗೆ ಇಟಲಿಗೆ ಹೊರಟರು. ಉಳಿದ ನಾಲ್ವರನ್ನು ನೆಂಟರ ಮನೆಯಲ್ಲಿ ಬಿಟ್ಟಿದ್ದರು. ಕೊನೆಯವಳು ಇನ್ನೂ ಎದೆಹಾಲಿನ ವಯಸ್ಸಿನವಳು. ಲಿವೊರ್ನೊ ಬಂದರಿನಲ್ಲಿ ವಿಲಿಯಂನ ಹಳೆಯ ವ್ಯಾಪಾರಿ ಮಿತ್ರರಾದ ಫಿಲಿಪ್ಪೊ ಮತ್ತು ಆಂಟೊನಿಯೊ ಫಿಲಿಕ್ಕಿ ಸಹೋದರರು ಕಾಯುತ್ತಿದ್ದರು.

ನ್ಯೂಯಾರ್ಕಿನಲ್ಲಿ ಹಳದಿ ಜ್ವರ ಹಬ್ಬಿದೆ ಎಂಬ ಸುದ್ದಿ ಹಡಗಿಗಿಂತ ಮೊದಲೇ ಅಲ್ಲಿಗೆ ತಲುಪಿತ್ತು. ಅಧಿಕಾರಿಗಳು ಮೂವರನ್ನೂ ನೇರವಾಗಿ ಸಮುದ್ರದ ಅಂಚಿನ ಲಜರೆಟ್ಟೊಗೆ ಕಳುಹಿಸಿದರು. ರೋಗದ ಅನುಮಾನವಿದ್ದವರನ್ನು ಪ್ರತ್ಯೇಕವಾಗಿಡುವ ಕಲ್ಲಿನ ಕಟ್ಟಡ ಅದು. ನೆಲ ತಣ್ಣಗೆ, ಗಾಳಿಗೆ ಅಡ್ಡಿಯಿಲ್ಲ, ಹೊಗೆ ಹೊರಹೋಗುವುದಿಲ್ಲ. ಎಲಿಜಬೆತ್‌ನ ಮಲತಮ್ಮ ಗೈ ಕಾರ್ಲ್‌ಟನ್ ಫಿಲಿಕ್ಕಿಗಳ ಕಚೇರಿಯಲ್ಲೇ ಕೆಲಸದಲ್ಲಿದ್ದ. ಅಕ್ಕನನ್ನು ನೋಡಲು ಓಡಿ ಬಂದವನನ್ನು ಮುಟ್ಟಬಾರದೆಂದು ಕಾವಲುಗಾರರು ತಡೆದರು.

ಒಂದು ತಿಂಗಳು ಹಾಗೇ ಕಳೆಯಿತು. ರಕ್ತ ಕೆಮ್ಮುತ್ತಿದ್ದ ಗಂಡನ ಪಕ್ಕದಲ್ಲಿ ಎಲಿಜಬೆತ್ ಬೈಬಲ್ ಓದುತ್ತಿದ್ದರು, ಚಳಿಗೆ ನಡುಗುವ ಮಗಳ ಜೊತೆ ಹಗ್ಗದಾಟ ಆಡಿ ಮೈ ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು. ಇದೆಲ್ಲವನ್ನೂ ನಾದಿನಿ ರೆಬೆಕಾಗೆಂದು ದಿನಚರಿಯಲ್ಲಿ ಬರೆದಿಟ್ಟರು. ಡಿಸೆಂಬರ್ 19ರಂದು ಬಿಡುಗಡೆ. ಎಂಟನೆಯ ದಿನ, 27ರಂದು, ಪೀಸಾ ನಗರದಲ್ಲಿ ವಿಲಿಯಂ ತೀರಿಕೊಂಡರು. ಇಪ್ಪತ್ತೊಂಬತ್ತರ ಹೆಂಡತಿ, ಎಂಟು ವರ್ಷದ ಮಗಳು, ಪರಭಾಷೆಯ ಊರು.

ಫಿಲಿಕ್ಕಿ ಕುಟುಂಬ ಅವರನ್ನು ಮನೆಯವರಂತೆ ನೋಡಿಕೊಂಡಿತು. ಅವರ ಜೊತೆ ಫ್ಲಾರೆನ್ಸಿನ ಚರ್ಚುಗಳಿಗೂ ಲಿವೊರ್ನೊ ಹತ್ತಿರದ ಮೊಂಟೆನೆರೊ ಪುಣ್ಯಕ್ಷೇತ್ರಕ್ಕೂ ಹೋದಾಗ ಎಲಿಜಬೆತ್ ಮೊದಲ ಬಾರಿಗೆ ಕಥೋಲಿಕರ ಭಕ್ತಿಯನ್ನು ಹತ್ತಿರದಿಂದ ಕಂಡರು. ಆಕೆಯ ಮನಸ್ಸನ್ನು ಸೆಳೆದದ್ದು ಮುಖ್ಯವಾಗಿ ಪರಮಪ್ರಸಾದ. ಬಲಿಪೂಜೆಯಲ್ಲಿ ರೊಟ್ಟಿ ಮತ್ತು ದ್ರಾಕ್ಷಾರಸ ನಿಜವಾಗಿಯೂ ಕ್ರಿಸ್ತನ ಶರೀರ ಮತ್ತು ರಕ್ತವಾಗುತ್ತವೆ ಎಂಬುದು ಕಥೋಲಿಕರ ನಂಬಿಕೆ. ದೇವರು ಹೀಗೆ ಕೈಗೆಟಕುವಷ್ಟು ಹತ್ತಿರ ಇದ್ದಾನೆಂದು ನಂಬುವ ಜನ ಎಷ್ಟು ಭಾಗ್ಯವಂತರು ಎಂದು ಆಕೆಗೆ ಅನಿಸಿತು. ಇನ್ನೊಂದು ಸೆಳೆತ ಮಾತೆ ಮರಿಯಮ್ಮ. ಮೂರು ವರ್ಷಕ್ಕೇ ಹೆತ್ತವಳನ್ನು ಕಳೆದುಕೊಂಡ ಎಲಿಜಬೆತ್, ಇಲ್ಲಿ ತನಗೊಬ್ಬ ತಾಯಿ ಸಿಕ್ಕಳೆಂದು ಬರೆದುಕೊಂಡರು.

ಕದ ಮುಚ್ಚಿದ ಊರು

ಆಂಟೊನಿಯೊ ಫಿಲಿಕ್ಕಿ ಜೊತೆಗೂಡಿ 1804ರ ಜೂನ್‌ನಲ್ಲಿ ನ್ಯೂಯಾರ್ಕಿಗೆ ಮರಳಿದಾಗ ಮಕ್ಕಳೇನೋ ಓಡಿ ಬಂದು ತಬ್ಬಿಕೊಂಡರು. ಆದರೆ ನಾದಿನಿ ರೆಬೆಕಾ ಸಾವಿನ ಹಾಸಿಗೆಯಲ್ಲಿದ್ದಳು, ಜುಲೈಯಲ್ಲಿ ಹೋದಳು. ಮುಂದೆ ಏಳೆಂಟು ತಿಂಗಳು ಎಲಿಜಬೆತ್‌ಗೆ ಒಳಗೊಳಗೇ ತಳಮಳ. ಟ್ರಿನಿಟಿ ಚರ್ಚಿನ ಪಾದ್ರಿ ಹೆನ್ರಿ ಹೋಬಾರ್ಟ್ ಆಕೆಯ ಗುರು, ಆಪ್ತರು. ಅವರು ಕಥೋಲಿಕ ಮತವನ್ನು ಸೇರಬೇಡಿ ಎಂದು ವಾದಿಸಿದರು. ಆಂಟೊನಿಯೊ ಸೇರಿ ಎಂದು ವಾದಿಸಿದರು. ಎರಡೂ ಕಡೆಯ ಪುಸ್ತಕಗಳನ್ನು ಓದಿ ಆಕೆ ಸೊರಗಿದರು.

1805ರ ಮಾರ್ಚ್ 14ರಂದು ಬಾರ್‌ಕ್ಲೇ ಬೀದಿಯ ಸೇಂಟ್ ಪೀಟರ್ ಚರ್ಚಿನಲ್ಲಿ ಎಲಿಜಬೆತ್ ಕಥೋಲಿಕರಾದರು. ಹನ್ನೊಂದು ದಿನ ಕಳೆದು ಮೊದಲ ಪರಮಪ್ರಸಾದ ಸ್ವೀಕರಿಸಿದರು.

ಆ ಹೆಜ್ಜೆಯ ಬೆಲೆ ಏನೆಂದು ಇಂದು ಊಹಿಸುವುದು ಕಷ್ಟ. ಆಗಿನ ನ್ಯೂಯಾರ್ಕಿನಲ್ಲಿ ಕಥೋಲಿಕರೆಂದರೆ ಬಹುಪಾಲು ಬಡ ಐರಿಷ್ ಕೂಲಿಕಾರರು, ವಲಸೆ ಬಂದವರು. ಊರಿನ ದೊಡ್ಡ ಮನೆತನದ ಹೆಣ್ಣುಮಗಳು ಅವರ ಸಾಲಿನಲ್ಲಿ ಮಂಡಿಯೂರುವುದು ಬಂಧುಬಳಗಕ್ಕೆ ಅವಮಾನವೆನಿಸಿತು. ಯಾವ ವಿದೇಶಿ ಧರ್ಮಾಧಿಕಾರಕ್ಕೂ ಬದ್ಧರಾಗಿಲ್ಲವೆಂದು ಪ್ರಮಾಣ ಮಾಡಬೇಕಿದ್ದರಿಂದ 1806ರವರೆಗೆ ಕಥೋಲಿಕರು ನ್ಯೂಯಾರ್ಕಿನ ಶಾಸನಸಭೆಯಲ್ಲಿ ಕೂರುವಂತಿರಲಿಲ್ಲ.

ಐದು ಮಕ್ಕಳ ಹೊಟ್ಟೆ ತುಂಬಬೇಕು. ಪರಿಚಯದ ದಂಪತಿಯೊಬ್ಬರು ತೆರೆದ ಶಾಲೆಯಲ್ಲಿ ಎಲಿಜಬೆತ್ ಪಾಠ ಮಾಡಲು ಸೇರಿದರು. ಮಕ್ಕಳನ್ನು ಮತಾಂತರ ಮಾಡಲು ಹೂಡಿದ ಶಾಲೆ ಎಂಬ ಮಾತು ಊರಲ್ಲಿ ಹಬ್ಬಿತು, ಕೆಲವೇ ತಿಂಗಳಲ್ಲಿ ಶಾಲೆ ಮುಚ್ಚಿತು. ಆಮೇಲೆ ಬೇರೆ ಶಾಲೆಗೆ ಹೋಗುವ ಹುಡುಗರಿಗೆ ಮನೆಯಲ್ಲೇ ಊಟ-ವಸತಿ ಕೊಟ್ಟು, ಬಟ್ಟೆ ಹೊಲಿದು, ಪಾಠ ಓದಿಸಿ ಸಂಸಾರ ಸಾಗಿಸಿದರು. 1806ರಲ್ಲಿ ಹದಿಹರೆಯದ ನಾದಿನಿ ಸಿಸಿಲಿಯಾ ಕೂಡ ಅತ್ತಿಗೆಯ ದಾರಿ ಹಿಡಿದಳು. ಸೀಟನ್ ಕುಟುಂಬದವರ ಸಿಟ್ಟು ನೆತ್ತಿಗೇರಿತು. ಎಲಿಜಬೆತ್ ಪಾಲಿಗೆ ನ್ಯೂಯಾರ್ಕಿನ ಮನೆಗಳ ಕದಗಳು ಒಂದೊಂದಾಗಿ ಮುಚ್ಚಿಕೊಂಡವು.

ಹದಿನಾರು ಜನ, ಒಂದು ಕಲ್ಲುಮನೆ

ದಾರಿ ತೋರಿಸಿದವರು ಫ್ರಾನ್ಸಿನ ಕ್ರಾಂತಿಯ ಕಾಲದಲ್ಲಿ ದೇಶ ಬಿಟ್ಟು ಬಂದಿದ್ದ ಸಲ್ಪೀಶಿಯನ್ ಗುರುಗಳು. ಅವರಲ್ಲಿ ಫಾದರ್ ಲೂಯಿ ದ್ಯುಬೂರ್ ಬಾಲ್ಟಿಮೋರಿನಲ್ಲಿ ಸೇಂಟ್ ಮೇರಿಸ್ ಕಾಲೇಜು ನಡೆಸುತ್ತಿದ್ದರು. ಅಲ್ಲಿ ಹುಡುಗಿಯರಿಗೊಂದು ಶಾಲೆ ತೆರೆಯಿರಿ ಎಂದು ಆಕೆಯನ್ನು ಕರೆದರು. 1808ರ ಜೂನ್‌ನಲ್ಲಿ ಎಲಿಜಬೆತ್ ಹೆಣ್ಣುಮಕ್ಕಳೊಂದಿಗೆ ಬಾಲ್ಟಿಮೋರಿಗೆ ಬಂದು, ಪಾಕಾ ಬೀದಿಯ ಒಂದು ಮನೆಯಲ್ಲಿ ಶಾಲೆ ಶುರುಮಾಡಿದರು. ಜೊತೆಗೆ ಕೆಲಸ ಮಾಡಲು ಯುವತಿಯರು ಬಂದರು. 1809ರ ಮಾರ್ಚ್ 25ರಂದು ಆಕೆ ಬಿಷಪ್ ಕ್ಯಾರಲ್ ಮುಂದೆ ವ್ರತ ಸ್ವೀಕರಿಸಿದರು. ಅಂದಿನಿಂದ ಎಲ್ಲರಿಗೂ ಆಕೆ ‘ಮದರ್ ಸೀಟನ್’.

ಇಟಲಿಯಲ್ಲಿ ವಿಧವೆಯರು ಉಡುತ್ತಿದ್ದ ಕರಿಯ ನಿಲುವಂಗಿ, ಭುಜ ಮುಚ್ಚುವ ಪುಟ್ಟ ಹೊದಿಕೆ, ಗದ್ದದ ಕೆಳಗೆ ಕಟ್ಟುವ ಟೋಪಿ ಇವೇ ಆಕೆಯ ಉಡುಪಾಗಿದ್ದವು. ಗಂಡ ಸತ್ತಾಗ ತೊಟ್ಟ ಆ ಬಟ್ಟೆಯೇ ಸಂಘದ ಸಮವಸ್ತ್ರವಾಯಿತು.

ಸ್ಯಾಮ್ಯುಯೆಲ್ ಕೂಪರ್ ಎಂಬ ಶ್ರೀಮಂತರು ಬಡ ಮಕ್ಕಳ ಶಿಕ್ಷಣಕ್ಕೆಂದು ಕೊಟ್ಟ ಹಣದಿಂದ ಎಮಿಟ್ಸ್‌ಬರ್ಗ್ ಬಳಿ ಜಮೀನು ಕೊಂಡಾಯಿತು. ಬಾಲ್ಟಿಮೋರಿನಿಂದ ಸುಮಾರು ಎಂಬತ್ತು ಕಿಲೋಮೀಟರ್. ಸಾಮಾನನ್ನು ಬಂಡಿಗೆ ಹೇರಿ, ಕಾಲುನಡಿಗೆಯಲ್ಲೂ ಸಾಗಿ ತಲುಪಿದರು. 1809ರ ಜುಲೈ 31ರಂದು ‘ಸ್ಟೋನ್ ಹೌಸ್’ ಎಂಬ ಹಳೆಯ ಕಲ್ಲುಮನೆಯಲ್ಲಿ ಹದಿನಾರು ಜನ ಬಿಡಾರ ಹೂಡಿದರು. ಸಿಸ್ಟರುಗಳು, ವಿದ್ಯಾರ್ಥಿನಿಯರು, ಎಲಿಜಬೆತ್‌ನ ಮೂವರು ಹೆಣ್ಣುಮಕ್ಕಳು, ನಾದಿನಿಯರಾದ ಹ್ಯಾರಿಯೆಟ್ ಮತ್ತು ಸಿಸಿಲಿಯಾ. ಗಂಡುಮಕ್ಕಳಿಬ್ಬರೂ ಫಾದರ್ ಜಾನ್ ದ್ಯುಬುವಾ ಹತ್ತಿರದಲ್ಲೇ ಕಟ್ಟಿದ್ದ ಮೌಂಟ್ ಸೇಂಟ್ ಮೇರಿಸ್ ಶಾಲೆ ಸೇರಿದರು.

ಚಳಿಗಾಲ ಕ್ರೂರವಾಗಿತ್ತು. ಬಿರುಕಿನಿಂದ ಹಿಮ ಒಳಗೆ ಬಂದು ಹಾಸಿಗೆಯ ಮೇಲೆ ಕೂರುತ್ತಿತ್ತು. ಕಾಫಿಬೀಜ ಕೊಳ್ಳಲು ದುಡ್ಡಿಲ್ಲದೆ ಕ್ಯಾರೆಟ್ ಹುರಿದು ಕಾಫಿ ಮಾಡುತ್ತಿದ್ದರು. ನೀರು ದೂರದ ಊಟೆಯಿಂದ ಹೊತ್ತು ತರಬೇಕು. ಡಿಸೆಂಬರಿನಲ್ಲಿ ಹ್ಯಾರಿಯೆಟ್ ಸತ್ತಳು, ಮರು ಏಪ್ರಿಲಿನಲ್ಲಿ ಸಿಸಿಲಿಯಾ. ಮನೆಯಲ್ಲಿ ಪಾಠ ಹೇಳಿಕೊಟ್ಟ ಇಬ್ಬರು ಹುಡುಗಿಯರನ್ನೂ ಎಲಿಜಬೆತ್ ಅದೇ ಜಮೀನಿನಲ್ಲಿ ಮಣ್ಣು ಮಾಡಿದರು.

ಶುಲ್ಕ ಕೊಡುವವರು, ಕೊಡಲಾರದವರು

ಇದರ ನಡುವೆಯೇ 1810ರ ಫೆಬ್ರವರಿ 22ರಂದು ಶಾಲೆ ತೆರೆಯಿತು. ಎಮಿಟ್ಸ್‌ಬರ್ಗಿನ ಬಡ ಹುಡುಗಿಯರು ಬೆಳಗ್ಗೆ ನಡೆದು ಬಂದು ಓದಿ ಸಂಜೆ ಮನೆಗೆ ಹೋಗುತ್ತಿದ್ದರು; ಶುಲ್ಕವಿಲ್ಲ. ಅಮೆರಿಕದಲ್ಲಿ ಸಿಸ್ಟರುಗಳು ನಡೆಸಿದ, ಹುಡುಗಿಯರ ಮೊದಲ ಉಚಿತ ಕಥೋಲಿಕ ಶಾಲೆ ಎಂದು ಇದನ್ನು ಗುರುತಿಸುವುದು ವಾಡಿಕೆ. ಆದರೆ ಫ್ರೆಂಚರ ಕೈಯಲ್ಲಿದ್ದ ನ್ಯೂ ಆರ್ಲಿಯನ್ಸ್‌ನಲ್ಲಿ ಉರ್ಸುಲೈನ್ ಭಗಿನಿಯರು 1727ರಿಂದಲೇ ಹುಡುಗಿಯರಿಗೆ ಪಾಠ ಹೇಳುತ್ತಿದ್ದರು ಎಂಬುದನ್ನೂ ನೆನೆಯಬೇಕು.

ಉಚಿತ ಶಾಲೆಯನ್ನು ಎಷ್ಟು ದಿನ ನಡೆಸಲಾದೀತು? ದಿವಾಳಿ ಕಂಡ ಮನೆಯ ಒಡತಿಗೆ ಈ ಪ್ರಶ್ನೆ ಚೆನ್ನಾಗಿ ಗೊತ್ತಿತ್ತು. ಆ ವರ್ಷವೇ ಶುಲ್ಕ ಕೊಡುವ ಹುಡುಗಿಯರಿಗೆ ವಸತಿಶಾಲೆ ತೆರೆದರು: ಸೇಂಟ್ ಜೋಸೆಫ್ಸ್ ಅಕಾಡೆಮಿ. ಬಾಲ್ಟಿಮೋರಿನಂಥ ಊರುಗಳಿಂದ ಅನುಕೂಲಸ್ಥರ ಮಕ್ಕಳು ಬಂದರು. ಅವರು ಕೊಟ್ಟ ಹಣದಿಂದ ಬಡ ಹುಡುಗಿಯರ ತರಗತಿಗಳು ನಡೆದವು. ಓದು, ಬರಹ, ಕಾಗುಣಿತ, ವ್ಯಾಕರಣ, ಲೆಕ್ಕ, ಭೂಗೋಳ ಎಲ್ಲರಿಗೂ ಆಧಾರದ ಪಾಠಗಳು. ಅಕಾಡೆಮಿಯವರಿಗೆ ಜೊತೆಗೆ ಸಂಗೀತ, ಫ್ರೆಂಚ್, ಕಸೂತಿ. ಖರ್ಚು-ವೆಚ್ಚವನ್ನು ಎಲಿಜಬೆತ್ ತಾವೇ ನೋಡುತ್ತಿದ್ದರು. ಬಾಕಿ ಉಳಿಸಿಕೊಂಡ ತಂದೆ-ತಾಯಂದಿರಿಗೆ ಮರ್ಯಾದೆಯಿಂದಲೇ ಜ್ಞಾಪನಪತ್ರ ಬರೆಯುತ್ತಿದ್ದರು.

ಆ ಹಣದ ಮೂಲವನ್ನು ಮರೆಯುವಂತಿಲ್ಲ. ಮೇರಿಲ್ಯಾಂಡ್ ಆಗ ಗುಲಾಮಗಿರಿ ಇದ್ದ ರಾಜ್ಯ. ಅಕಾಡೆಮಿಗೆ ಮಕ್ಕಳನ್ನು ಕಳುಹಿಸುತ್ತಿದ್ದ ಹಲವು ಮನೆಗಳ ಸಿರಿ ಬಂದದ್ದು ಗುಲಾಮರ ದುಡಿಮೆಯಿಂದ. ಬಡ ಹುಡುಗಿಯೊಬ್ಬಳ ಸ್ಲೇಟಿಗೆ ಬಂದ ಹಣದ ಹಿಂದೆ ಇನ್ನೊಬ್ಬ ತಾಯಿಯ ಕೂಲಿಯಿಲ್ಲದ ಬೆವರೂ ಇತ್ತು. ಈ ಶಾಲೆಯ ಚರಿತ್ರೆ ಹೇಳುವಾಗ ಇದನ್ನು ಬಿಟ್ಟರೆ ಕಥೆ ಅರ್ಧವಾಗುತ್ತದೆ.

ಶಿಕ್ಷಕಿಯಾಗಿ ಎಲಿಜಬೆತ್ ಹೇಗಿದ್ದರು? ತರಗತಿಗಳ ನಡುವೆ ಓಡಾಡಿ ಪ್ರತಿ ಹುಡುಗಿಯ ಸ್ವಭಾವ, ಓದು, ಆರೋಗ್ಯ ಎಲ್ಲವನ್ನೂ ಗಮನಿಸುತ್ತಿದ್ದರು. ಮೊದಲ ಪರಮಪ್ರಸಾದಕ್ಕೆ ಮಕ್ಕಳನ್ನು ಸಿದ್ಧಪಡಿಸುವ ಪಾಠವನ್ನು ತಾವೇ ಇಟ್ಟುಕೊಂಡಿದ್ದರು. ಫ್ರೆಂಚಿನಿಂದ ಭಕ್ತಿಗ್ರಂಥಗಳನ್ನು ಇಂಗ್ಲಿಷಿಗೆ ತಂದರು, ಧ್ಯಾನಕ್ಕೆಂದು ಟಿಪ್ಪಣಿಗಳನ್ನು ಬರೆದರು. ನಿಮ್ಮನ್ನು ಸಿಸ್ಟರುಗಳನ್ನಾಗಿ ಮಾಡಲು ನಾನು ಪಾಠ ಹೇಳುತ್ತಿಲ್ಲ, ನೀವು ಬದುಕಬೇಕಾದ ಲೋಕಕ್ಕೆ ನಿಮ್ಮನ್ನು ಸಿದ್ಧಗೊಳಿಸಬೇಕು ಎಂಬ ಅರ್ಥದಲ್ಲಿ ಹುಡುಗಿಯರಿಗೆ ಹೇಳುತ್ತಿದ್ದರು. ಓದು ಮುಗಿಸಿ ಮದುವೆಯಾಗಿ ಹೋದವರ ಜೊತೆಗೂ ಪತ್ರವ್ಯವಹಾರ ನಿಲ್ಲುತ್ತಿರಲಿಲ್ಲ. ತವರಿಗೆ ಬರೆಯುವಂತೆ ಆ ಹುಡುಗಿಯರೂ ಬರೆಯುತ್ತಿದ್ದರು.

ಮುಖ್ಯಸ್ಥೆಯ ಕಷ್ಟಗಳು

ಸಂಘದ ಮೇಲ್ವಿಚಾರಣೆಗೆ ಬಂದ ಫಾದರ್ ಜಾನ್ ಡೇವಿಡ್ ಮತ್ತು ಎಲಿಜಬೆತ್ ನಡುವೆ ಹೊಂದಾಣಿಕೆ ಆಗಲಿಲ್ಲ. ಶಾಲೆಯ ವಿಷಯಗಳನ್ನು ಅವರು ಆಕೆಯನ್ನು ಕೇಳದೆಯೇ ತೀರ್ಮಾನಿಸುತ್ತಿದ್ದರು. ಆಕೆಯ ಜಾಗಕ್ಕೆ ಸಿಸ್ಟರ್ ರೋಸ್ ವೈಟ್ ಅವರನ್ನು ತರುವ ಯೋಚನೆಯೂ ನಡೆದಿತ್ತು. ಎಲಿಜಬೆತ್ ಬಿಷಪ್ ಕ್ಯಾರಲ್ ಅವರಿಗೆ ತಮ್ಮ ಸಂಕಟವನ್ನು ಮುಚ್ಚಿಡದೆ ಬರೆದರು. ವಿಧೇಯತೆಯ ವ್ರತ ತೊಟ್ಟವರಿಗೆ ಅದೇನೂ ಸುಲಭದ ಮಾತಲ್ಲ. 1811ರಲ್ಲಿ ಡೇವಿಡ್ ಕೆಂಟಕಿಗೆ ಹೋದರು, ಅವರ ಜಾಗಕ್ಕೆ ದ್ಯುಬುವಾ ಬಂದರು.

ಫ್ರಾನ್ಸಿನಲ್ಲಿ ಸಂತ ವಿನ್ಸೆಂಟ್ ದ ಪೌಲ್ ಕಟ್ಟಿದ ಡಾಟರ್ಸ್ ಆಫ್ ಚಾರಿಟಿ ಸಂಘದ ಜೊತೆ ಎಮಿಟ್ಸ್‌ಬರ್ಗಿನವರನ್ನು ಸೇರಿಸಬೇಕೆಂಬ ಯೋಜನೆ ಇತ್ತು. 1810ರಲ್ಲಿ ಫಾದರ್ ಬೆನೆಡಿಕ್ಟ್ ಫ್ಲಾಜೆ ಆ ಸಂಘದ ನಿಯಮಾವಳಿಯ ಪ್ರತಿಯನ್ನು ತಂದರು. ಜೊತೆಗೆ ಬರಬೇಕಿದ್ದ ಫ್ರೆಂಚ್ ಸಿಸ್ಟರುಗಳಿಗೆ ನೆಪೋಲಿಯನ್ ಸರ್ಕಾರ ಅನುಮತಿ ಕೊಡಲಿಲ್ಲ. ಅವರು ಬಂದಿದ್ದರೆ ತನ್ನ ಮಕ್ಕಳ ಗತಿಯೇನು ಎಂಬ ಅಳುಕು ಎಲಿಜಬೆತ್‌ಗೆ ಇದ್ದೇ ಇತ್ತು. ಬರದಿದ್ದುದರಿಂದ ನಿಯಮವನ್ನು ಅಮೆರಿಕದ ನೆಲಕ್ಕೆ, ಈ ಮನೆಗೆ ಹೊಂದುವಂತೆ ತಿದ್ದಲು ಅವಕಾಶ ಸಿಕ್ಕಿತು. ಶುಲ್ಕ ಕೊಡುವ ಮಕ್ಕಳಿಗೂ ಪಾಠ ಹೇಳಬಹುದೆಂಬುದು ಒಂದು ತಿದ್ದುಪಡಿ. ತಾಯಿಯ ಹಕ್ಕು ಇನ್ನೊಂದು.

ಆ ಹಕ್ಕು ಕೈಗೆ ಬಂದ ಎರಡೇ ತಿಂಗಳಲ್ಲಿ, 1812ರ ಮಾರ್ಚ್ 12ರಂದು, ಆ್ಯನಾ ತೀರಿಕೊಂಡಳು. ಲಜರೆಟ್ಟೊದಲ್ಲಿ ತಾಯಿಯ ಜೊತೆ ಹಗ್ಗದಾಟ ಆಡಿದ್ದ ಹುಡುಗಿಗೆ ಆಗ ಹದಿನಾರು ವರ್ಷ. ತಂದೆಯ ಕಾಯಿಲೆಯೇ ಮಗಳಿಗೂ ಬಂದಿತ್ತು. ಸಾಯುವ ಮೊದಲು ಸಂಘದ ವ್ರತ ತೊಟ್ಟಳು. ತಿಂಗಳುಗಟ್ಟಲೆ ಎಲಿಜಬೆತ್ ಆ ದುಃಖದಿಂದ ಮೇಲೇಳಲಿಲ್ಲ, ಪ್ರಾರ್ಥನೆಯೂ ಒಣಗಿಹೋಯಿತು. ಫ್ರಾನ್ಸಿನಿಂದ ಬಂದಿದ್ದ ಫಾದರ್ ಸಿಮೋನ್ ಬ್ರೂಟೆ ಅವರ ಸಾಂತ್ವನದಿಂದ ನಿಧಾನವಾಗಿ ಚೇತರಿಸಿಕೊಂಡರು. ಕೊನೆಯ ಮಗಳು ರೆಬೆಕಾ ಹಿಮದ ಮೇಲೆ ಜಾರಿ ಬಿದ್ದು ಕಾಲು ಊನ ಮಾಡಿಕೊಂಡಿದ್ದಳು. ಗಾಯ ಗಡ್ಡೆಯಾಗಿ ವರ್ಷಗಟ್ಟಲೆ ನರಳಿಸಿತು. ಮಲಗಲಾರದ ಮಗಳನ್ನು ತಾಯಿ ರಾತ್ರಿಯಿಡೀ ತೋಳಿನಲ್ಲಿ ಹಿಡಿದು ಕೂರುತ್ತಿದ್ದರು. 1816ರ ನವೆಂಬರ್ 3ರಂದು, ಹದಿನಾಲ್ಕರ ವಯಸ್ಸಿನಲ್ಲಿ, ಅವಳೂ ಹೋದಳು.

ಆ ವರ್ಷಗಳಲ್ಲೇ ಸಂಘ ಹಬ್ಬಿತು. 1814ರಲ್ಲಿ ಫಿಲಡೆಲ್ಫಿಯಾದ ಅನಾಥಾಲಯಕ್ಕೆ, 1817ರಲ್ಲಿ ನ್ಯೂಯಾರ್ಕಿಗೆ ಸಿಸ್ಟರುಗಳು ಹೋದರು. ಎರಡೂ ಕಡೆ ಮುಂದಾಳತ್ವ ವಹಿಸಿದ್ದು ರೋಸ್ ವೈಟ್. ತನ್ನ ಜಾಗಕ್ಕೆ ಬರಬಹುದಿದ್ದವರನ್ನೇ ಎಲಿಜಬೆತ್ ಅತಿ ಕಷ್ಟದ ಕೆಲಸಕ್ಕೆ ನಂಬಿ ಕಳುಹಿಸಿದ್ದರು.

ಸಿಸ್ಟರುಗಳು ಆಕೆಯನ್ನೇ ಮತ್ತೆ ಮತ್ತೆ ಮುಖ್ಯಸ್ಥೆಯಾಗಿ ಆರಿಸಿದರು. 1821ರ ಜನವರಿ 4ರಂದು, ನಲವತ್ತಾರನೆಯ ವಯಸ್ಸಿನಲ್ಲಿ, ಕ್ಷಯದಿಂದಲೇ ಆಕೆ ತೀರಿಕೊಂಡರು. 1963ರ ಮಾರ್ಚ್ 17ರಂದು ಪೋಪ್ 23ನೆಯ ಜಾನ್ ಆಕೆಯನ್ನು ಧನ್ಯರ ಸಾಲಿಗೆ ಸೇರಿಸಿದರು. 1975ರ ಸೆಪ್ಟೆಂಬರ್ 14ರಂದು ಪೋಪ್ 6ನೆಯ ಪೌಲ್ ಸಂತ ಪದವಿ ನೀಡಿದರು. ಅಮೆರಿಕದ ಕಥೋಲಿಕ ಶಾಲಾ ವ್ಯವಸ್ಥೆಯ ತಾಯಿ ಎಂದು ಆಕೆಯನ್ನು ಕರೆಯುವುದುಂಟು. ಪ್ರತಿ ಚರ್ಚಿಗೊಂದು ಶಾಲೆ ಇರಬೇಕೆಂದು ಅಲ್ಲಿನ ಬಿಷಪ್ಪರು ಆದೇಶಿಸಿದ್ದು 1884ರಲ್ಲಿ, ಬಾಲ್ಟಿಮೋರಿನ ಮೂರನೆಯ ಮಹಾಸಭೆಯಲ್ಲಿ. ಅದಕ್ಕೆ ಬೇಕಾದ ಶಿಕ್ಷಕಿಯರ ಪಡೆಯನ್ನು ತಯಾರಿಸುವ ಕ್ರಮ ಎಲಿಜಬೆತ್ ಕಟ್ಟಿದಂಥ ಸಂಘಗಳಿಂದ ಬೆಳೆದು ಬಂದಿತ್ತು.

ಎರಡು ಬಳಗ

ಆಕೆ ಬಿಟ್ಟುಹೋದದ್ದು ಎರಡು ಬಳಗ, ಒಂದು ರಕ್ತದ್ದು, ಒಂದು ಶಾಲೆಯದ್ದು.

ಶಾಲೆಯ ಬಳಗದ ಒಂದು ಎಳೆ ಭಾರತಕ್ಕೂ ಬಂದಿದೆ. ಎಲಿಜಬೆತ್ ಜೊತೆ ಹೊಂದಿಕೊಳ್ಳಲಾರದೆ ಕೆಂಟಕಿಗೆ ಹೋದ ಫಾದರ್ ಡೇವಿಡ್, 1812ರಲ್ಲಿ ಅಲ್ಲಿ ಕ್ಯಾಥರೀನ್ ಸ್ಪಾಲ್ಡಿಂಗ್ ಅವರ ಜೊತೆ ಸೇರಿ ಸಿಸ್ಟರ್ಸ್ ಆಫ್ ಚಾರಿಟಿ ಆಫ್ ನಜರೆತ್ ಸಂಘ ಆರಂಭಿಸಿದರು. ಅದಕ್ಕೆ ಆಧಾರವಾದದ್ದು ಎಮಿಟ್ಸ್‌ಬರ್ಗಿನ ನಿಯಮಾವಳಿಯೇ. ಆ ಸಂಘದ ಆರು ಸಿಸ್ಟರುಗಳು ಸ್ವಾತಂತ್ರ್ಯ ಬಂದ 1947ರಲ್ಲಿ ಬಿಹಾರದ ಗಂಗಾತೀರದ ಮೊಕಾಮಾಗೆ ಬಂದರು, ಮರುವರ್ಷ ನಜರೆತ್ ಆಸ್ಪತ್ರೆ ತೆರೆದರು. ಅಲ್ಲಿನ ನರ್ಸಿಂಗ್ ಶಾಲೆಗೆ ಕೇರಳದಿಂದ ಹುಡುಗಿಯರು ದಿನಗಟ್ಟಲೆ ರೈಲಿನಲ್ಲಿ ಪ್ರಯಾಣ ಮಾಡಿ ಬಂದು ಕಲಿತರು.

ರಕ್ತದ ಬಳಗದಲ್ಲಿ ಕಿರಿಯ ಮಗ ರಿಚರ್ಡ್ ತಾಯಿ ಹೋದ ಎರಡೇ ವರ್ಷಕ್ಕೆ ಆಫ್ರಿಕಾ ತೀರದ ಬಳಿ ತೀರಿಕೊಂಡ. ಹಿರಿಯ ಮಗ ವಿಲಿಯಂ, ಲಿವೊರ್ನೊದಲ್ಲಿ ಫಿಲಿಕ್ಕಿಗಳ ಕೆಳಗೆ ವ್ಯಾಪಾರ ಕಲಿಯುವುದು ಒಗ್ಗದೆ ನೌಕಾಪಡೆ ಸೇರಿದ್ದ. ಈ ಗಂಡುಮಕ್ಕಳ ಅಲೆದಾಟ ಕೊನೆಯವರೆಗೂ ತಾಯಿಯ ಚಿಂತೆಯಾಗಿತ್ತು. ಅವರಿಗೆ ಬರೆದ ಪತ್ರಗಳಲ್ಲಿ ಪ್ರೀತಿ, ಗದರಿಕೆ, ಹಣದ ಲೆಕ್ಕ ಎಲ್ಲವೂ ಒಟ್ಟಿಗೆ ಬರುತ್ತವೆ. ಎಮಿಟ್ಸ್‌ಬರ್ಗಿನಲ್ಲಿ ತಾಯಿಯ ಸಮಾಧಿಯ ಮೇಲೆ 1846ರಲ್ಲಿ ಪುಟ್ಟ ಚಾಪೆಲ್ ಕಟ್ಟಿಸಿದವನು ಅದೇ ವಿಲಿಯಂ. ಅವನ ಮಗ ರಾಬರ್ಟ್ ಸೀಟನ್ ಆರ್ಚ್‌ಬಿಷಪ್ ಆದರು. 1869ರಲ್ಲಿ ಅಜ್ಜಿಯ ಪತ್ರಗಳನ್ನೂ ದಿನಚರಿಯನ್ನೂ ಸಂಪಾದಿಸಿ ಪ್ರಕಟಿಸಿದರು. ಲಿವೊರ್ನೊದಲ್ಲಿ ಅಕ್ಕನನ್ನು ಮುಟ್ಟಲಾಗದೆ ನಿಂತಿದ್ದ ಗೈ ಕಾರ್ಲ್‌ಟನ್‌ನ ಮಗ ಜೇಮ್ಸ್ ರೂಸ್‌ವೆಲ್ಟ್ ಬೇಲಿ ಕೂಡ ಕಥೋಲಿಕರಾಗಿ, 1856ರಲ್ಲಿ ನ್ಯೂಜೆರ್ಸಿಯಲ್ಲಿ ಕಟ್ಟಿದ ಕಾಲೇಜಿಗೆ ಅತ್ತೆಯ ಹೆಸರಿಟ್ಟರು: ಸೀಟನ್ ಹಾಲ್. ಮುಂದೆ ಅವರು ಬಾಲ್ಟಿಮೋರಿನ ಆರ್ಚ್‌ಬಿಷಪ್ ಆದರು.

ಐವರು ಮಕ್ಕಳಲ್ಲಿ ತುಂಬು ಬಾಳು ಕಂಡವಳು ಕ್ಯಾಥರೀನ್. ತಾಯಿಯ ಶಾಲೆಯಲ್ಲೇ ಓದಿದವಳು, ತಾಯಿಯ ಕೊನೆಯ ಗಳಿಗೆಯಲ್ಲಿ ಹತ್ತಿರವಿದ್ದವಳು. ತಾಯಿ ಕಟ್ಟಿದ ಸಂಘವನ್ನು ಅವಳು ಸೇರಲಿಲ್ಲ. 1846ರಲ್ಲಿ ನ್ಯೂಯಾರ್ಕಿನ ಸಿಸ್ಟರ್ಸ್ ಆಫ್ ಮರ್ಸಿ ಸೇರಿ, ನಲವತ್ತಕ್ಕೂ ಹೆಚ್ಚು ವರ್ಷ ಅಲ್ಲಿನ ಜೈಲುಗಳ ಕೈದಿಗಳ ನಡುವೆ ಕೆಲಸ ಮಾಡಿದರು. ಕಲಿತಿದ್ದ ಹಲವು ಭಾಷೆಗಳು ದೇಶದೇಶಗಳಿಂದ ಬಂದ ಕೈದಿಗಳ ಜೊತೆ ಮಾತಾಡಲು ಒದಗಿದವು. ಬಿಡುಗಡೆಯಾದವರು, ಅವರ ಮನೆಯವರು ಸಲಹೆ ಕೇಳಿಕೊಂಡು ಕಾನ್ವೆಂಟಿಗೇ ಬರುತ್ತಿದ್ದರು. 1891ರಲ್ಲಿ, ತೊಂಬತ್ತು ವರ್ಷದ ಮದರ್ ಕ್ಯಾಥರೀನ್ ಸೀಟನ್ ನ್ಯೂಯಾರ್ಕಿನಲ್ಲೇ ಕೊನೆಯುಸಿರೆಳೆದರು.